ರ‍್ಯಾಂಕಿನ ಜಾಹೀರಾತಿನಲ್ಲಿ ಛೇದ ಎಲ್ಲಿ?

ಮಾನ್ಯ ಸಂಪಾದಕರೇ,

ನಾನು ಹರಿಹರದವಳು. ಮನೆಯಲ್ಲೇ ಟೈಲರಿಂಗ್ ಮಾಡುತ್ತೇನೆ. ನಮ್ಮ ಮನೆಯವರದ್ದು ಒಂದು ಸಣ್ಣ ಲೇತ್ ಶಾಪ್ ಇದೆ. ನಿಮ್ಮ ಪತ್ರಿಕೆ ಸುಮಾರು ಇಪ್ಪತ್ತು ವರ್ಷದಿಂದ ನಮ್ಮನೆಗೆ ಬರುತ್ತಿದೆ. ನಿಜ ಹೇಳಬೇಕೆಂದರೆ ನಾನು ಅದನ್ನು ಓದಿದ್ದಕ್ಕಿಂತ ಕತ್ತರಿಸಿದ್ದೇ ಜಾಸ್ತಿ. ಬ್ಲೌಸಿನ ಪೇಪರ್ ಕಟಿಂಗಿಗೆ ಪತ್ರಿಕೆಯ ದೊಡ್ಡ ಹಾಳೆಯಷ್ಟು ಚೆನ್ನಾಗಿ ಇನ್ಯಾವುದೂ ಆಗಿಬರುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ.

ಮೊನ್ನೆ ಭಾನುವಾರ ಹಾಗೇ ಒಂದು ಹಾಳೆ ನೆಲಕ್ಕೆ ಹರಡಿಕೊಂಡು, ಸ್ಕೆಚ್ ಪೆನ್ನಿನಲ್ಲಿ ಆರ್ಮ್‌ಹೋಲ್ ಗುರುತು ಹಾಕುತ್ತಿದ್ದೆ. ಪೂರ್ತಿ ಪುಟ ಒಂದು ಪಿಯು ಕಾಲೇಜಿನ ಜಾಹೀರಾತು. ಸ್ಟ್ಯಾಂಪಿನಷ್ಟು ಸಣ್ಣ ಸಣ್ಣ ಮುಖಗಳು, ಕೆಳಗೆ ಹೆಸರು, ರ‍್ಯಾಂಕು. ಪಕ್ಕದಲ್ಲಿ ಮಗಳು ಹುಕ್ಸ್ ಹಾಕುತ್ತಾ ಕೂತಿದ್ದಳು. ಸೂಜಿ ನಿಲ್ಲಿಸಿ ಒಂದೊಂದೇ ಮುಖ ಎಣಿಸಿದಳು. "ತೊಂಬತ್ತಾರು" ಅಂದಳು. ಆಮೇಲೆ, "ಅಮ್ಮ, ಅಂಶ ಕೊಟ್ಟಿದಾರೆ, ಛೇದ ಎಲ್ಲಿದೆ?" ಅಂತ ಕೇಳಿದಳು.

ಭಿನ್ನರಾಶಿ ಲೆಕ್ಕದಲ್ಲಿ ಗೆರೆಯ ಮೇಲೆ ಬರೆಯುವುದು ಅಂಶ, ಕೆಳಗೆ ಬರೆಯುವುದು ಛೇದ. ನಾನೂ ಓದಿದ್ದೆ, ಮರೆತಿದ್ದೆ. 96 ಮಂದಿಗೆ ರ‍್ಯಾಂಕ್ ಬಂತು, ಸರಿ. ಎಷ್ಟು ಮಂದಿಯಲ್ಲಿ? ನೂರಿಪ್ಪತ್ತರಲ್ಲಾ, ಎರಡು ಸಾವಿರದಲ್ಲಾ? ಇಡೀ ಹಾಳೆ ತಿರುಗಿಸಿ ಮುರುಗಿಸಿ ನೋಡಿದೆವು. ಹಾಸ್ಟೆಲಿನ ಊಟದ ಫೋಟೊ ಇತ್ತು, ಈಜುಕೊಳ ಇತ್ತು, ಫೋನ್ ನಂಬರು ಆರು ಇದ್ದವು. ಆ ಒಂದು ಸಂಖ್ಯೆ ಇರಲಿಲ್ಲ.

ಇದನ್ನು ನಾನು 2022ರಲ್ಲೇ ಕೇಳಿದ್ದರೆ ಈ ಕಾಗದ ಬರೆಯುವ ಕೆಲಸವೇ ಇರುತ್ತಿರಲಿಲ್ಲ.

ಮಗಳು ಎಸ್ಸೆಸ್ಸೆಲ್ಸಿ ಮುಗಿಸಿದ್ದು ಆ ವರ್ಷ. 625ಕ್ಕೆ 581 ಬಂದಿತ್ತು. ನಮ್ಮ ಇಡೀ ಮನೆತನದಲ್ಲಿ ಅಷ್ಟು ಯಾರೂ ತೆಗೆದಿರಲಿಲ್ಲ. ಫಲಿತಾಂಶ ಬಂದ ವಾರದಲ್ಲೇ ಒಂದು ಮದುವೆ. ಊಟದ ಪಂಕ್ತಿಯಲ್ಲಿ ಎಡಗಡೆಯವರು, ಬಲಗಡೆಯವರು, ಬಡಿಸುವವರು ಕೂಡ, "ಮಗಳನ್ನ ಎಲ್ಲಿ ಹಾಕ್ತೀರಿ?" ಅಂತ ಕೇಳುವವರೇ. ನೋಡಿ, ನಾವು ಮಕ್ಕಳನ್ನು ಕಾಲೇಜಿಗೆ ಸೇರಿಸುವುದಿಲ್ಲ, ಹಾಕುತ್ತೇವೆ, ಜಾಡಿಗೆ ಉಪ್ಪಿನಕಾಯಿ ಹಾಕಿದ ಹಾಗೆ. ನನ್ನ ನಾದಿನಿ ಒಂದು ಜಾಹೀರಾತಿನ ಹಾಳೆ ಮಡಿಸಿ ಪರ್ಸಿನಲ್ಲಿ ಇಟ್ಟುಕೊಂಡೇ ಬಂದಿದ್ದಳು. ಊರಿಂದ ದೂರದ ಒಂದು ವಸತಿ ಕಾಲೇಜು, ಇಂಟಿಗ್ರೇಟೆಡ್, ಅಂದರೆ ಪಿಯು ಜೊತೆಗೇ ಮೆಡಿಕಲ್, ಇಂಜಿನಿಯರಿಂಗ್ ಸೀಟಿನ ಪರೀಕ್ಷೆಗಳಾದ ನೀಟ್, ಜೆಇಇ, ಸಿಇಟಿಗೆ ತಯಾರಿ ಎಲ್ಲಾ ಅವರೇ ಮಾಡಿಸುತ್ತಾರೆ.

ನಾವು ಎಷ್ಟು ದಿನ ಯೋಚನೆ ಮಾಡಿದೆವು ಗೊತ್ತಾ? ಒಂದು ರಾತ್ರಿ. ಫ್ರಿಜ್ ತಗೊಳ್ಳುವಾಗ ದಾವಣಗೆರೆಯ ನಾಲ್ಕು ಅಂಗಡಿ ಸುತ್ತಿ, ಕಂಪ್ರೆಸರಿಗೆ ಎಷ್ಟು ವರ್ಷ ಗ್ಯಾರಂಟಿ ಅಂತ ಚೌಕಾಸಿ ಮಾಡಿ ಬಂದವರು ನಾವು. ಮಗಳನ್ನು ಒಂದು ಮಾತು ಕೇಳಿದೆವಾ? ಕೇಳಿದೆವು. "ಇಷ್ಟ ಇದೆ ಅಲ್ವಾ ನಿಂಗೆ?" ಅಂತ ಕೇಳಿದೆವು. ಹಾಗೆ ಕೇಳಿದರೆ ಯಾವ ಮಗು ಇಲ್ಲ ಅನ್ನುತ್ತೆ?

ಕಾಲೇಜಿನಲ್ಲಿ ಟೈ ಕಟ್ಟಿಕೊಂಡವರೊಬ್ಬರು ಮಾವಿನ ಜ್ಯೂಸ್ ಕೊಟ್ಟು, "ಇನ್ನು ಹನ್ನೊಂದೇ ಸೀಟು ಉಳಿದಿದೆ, ಸಂಜೆಯೊಳಗೆ ಅಡ್ವಾನ್ಸ್ ಕಟ್ಟಿಬಿಡಿ" ಅಂದರು. 25 ಸಾವಿರ ಕಟ್ಟಿದೆವು. ಆ ಹನ್ನೊಂದು ಸೀಟು ಆಮೇಲೂ ಒಂದು ತಿಂಗಳು ಖಾಲಿಯಾಗಿರಲಿಲ್ಲ ಅಂತ ಕೊನೆಗೆ ತಿಳಿಯಿತು.

ಸೇರಿದ ಮೊದಲ ತಿಂಗಳಲ್ಲೇ ಒಂದು ಟೆಸ್ಟ್ ಕೊಟ್ಟು ಮಕ್ಕಳನ್ನು ಬೇರೆ ಬೇರೆ ಬ್ಯಾಚ್ ಮಾಡಿದರು. ಮೇಲಿನ ಬ್ಯಾಚಿಗೆ ಹೆಸರುವಾಸಿ ಲೆಕ್ಚರರ್‌ಗಳು, ರಾತ್ರಿ ಡೌಟ್ ಕ್ಲಾಸು, ಬೇರೆ ಪುಸ್ತಕ. ಕೆಳಗಿನ ಬ್ಯಾಚುಗಳಿಗೆ ಆ ವರ್ಷವಷ್ಟೇ ಡಿಗ್ರಿ ಮುಗಿಸಿ ಬಂದ ಹುಡುಗರು ಪಾಠ ಮಾಡುತ್ತಿದ್ದರು. ಫೀಸು ಮಾತ್ರ ಒಂದೇ. ಅಲ್ಲ, ಅದೂ ಒಂದೇ ಅಲ್ಲ. ಎಸ್ಸೆಸ್ಸೆಲ್ಸಿಯಲ್ಲಿ 620 ದಾಟಿದ ಮಕ್ಕಳನ್ನು ಅವರೇ ಮನೆಗೆ ಹುಡುಕಿಕೊಂಡು ಹೋಗಿ ಉಚಿತವಾಗಿ ಕರೆತಂದಿದ್ದರು. ಹಾಗೆ ಬಂದವರೇ ಎರಡು ವರ್ಷ ಆದ ಮೇಲೆ ಜಾಹೀರಾತಿನಲ್ಲಿ ನಗುವವರು. ಅವರ ಊಟ, ಪಾಠದ ಖರ್ಚು ಕಟ್ಟಿದವರು ನಮ್ಮಂಥವರು. ಆ ಮಕ್ಕಳ ಬಗ್ಗೆ ನನಗೆ ಒಂಚೂರೂ ಹೊಟ್ಟೆಕಿಚ್ಚಿಲ್ಲ, ನಿಜವಾಗಿ ಕಷ್ಟಪಟ್ಟು ಓದಿದ್ದಾರೆ, ಎಲ್ಲೇ ಇದ್ದರೂ ಓದುತ್ತಿದ್ದರು. ನನಗೆ ಹೊಟ್ಟೆ ಉರಿಯುವುದೇ ಆ ಕೊನೆಯ ಮಾತಿಗೆ.

ತಿಂಗಳಿಗೆ ಒಂದು ಭಾನುವಾರ ಪೋಷಕರ ಭೇಟಿ. ಮೂರನೇ ಸಲ ಹೋದಾಗ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೋಗಿದ್ದೆ. ಮರದ ಕೆಳಗೆ ಚಾಪೆ ಹಾಸಿ ಕೂತೆವು. ಸುತ್ತಲೂ ಬೇರೆ ಮಕ್ಕಳು, ಅಪ್ಪ ಅಮ್ಮಂದಿರು, ಎಲ್ಲರ ಕೊರಳಲ್ಲಿ ಐಡಿ ಕಾರ್ಡು. ಇವಳ ಕಾರ್ಡ್ ಕಾಣಲಿಲ್ಲ. ಬಟ್ಟೆ ಹೊಲಿಯುವವಳು ನಾನು, ಎದೆ ಮೇಲೆ ಚೂಡಿದಾರ ಚೌಕಾಕಾರ ಉಬ್ಬಿದ್ದು ತಕ್ಷಣ ಕಣ್ಣಿಗೆ ಬಿತ್ತು. ಒಳಗೆ ತೂರಿಸಿಕೊಂಡಿದ್ದಳು. ಯಾಕೆ ಅಂತ ಕೇಳಿದರೆ, ಮೇಲಿನ ಬ್ಯಾಚಿಗೆ ನೀಲಿ ಟ್ಯಾಗು, ಇವರಿಗೆ ಹಸಿರು. ಪಕ್ಕದ ಚಾಪೆಯಲ್ಲಿ ಕೂತಿದ್ದವರು ದಾವಣಗೆರೆಯವರು, ನಮ್ಮ ಪರಿಚಯದವರು. "ಅಮ್ಮ, ನಾನು ಯಾವ ಸೆಕ್ಷನ್ ಅಂತ ಅವರಿಗೆ ಹೇಳ್ಬೇಡ" ಅಂದಳು. ಅರ್ಧ ರೊಟ್ಟಿ ತಿಂದಳು, ಅಷ್ಟೇ. ವಾಪಸ್ ಬರುವಾಗ ಬಸ್ಸಿನಲ್ಲಿ ನಮ್ಮ ಮನೆಯವರು ಒಂದು ಮಾತೂ ಆಡಲಿಲ್ಲ.

ಫಸ್ಟ್ ಪಿಯು ಮುಗಿದ ಮೇಲೆ ಬಿಡಿಸಿಕೊಂಡು ಬರೋಣ ಅಂತ ಹೋದೆವು. ಟಿಸಿ ಬೇಕಾದರೆ ಎರಡನೇ ವರ್ಷದ ಫೀಸೂ ಕಟ್ಟಬೇಕು ಅಂದರು. ಹೇಗೂ ಕಟ್ಟಬೇಕು ಅಂದಮೇಲೆ ಓದಿಯೇ ಬಿಡಲಿ ಅಂತ ಸುಮ್ನಾದೆವು. ಅದು ನಮ್ಮ ಎರಡನೇ ತಪ್ಪು. ಯಾರನ್ನಾದರೂ ವಿಚಾರಿಸಿ ಜಗಳ ಮಾಡಬೇಕಿತ್ತು.

2024ರಲ್ಲಿ ಸೆಕೆಂಡ್ ಪಿಯು. ಆ ವರ್ಷದ್ದು ನಿಮಗೇ ನೆನಪಿರುತ್ತದೆ. ಸಿಇಟಿಯಲ್ಲಿ ಪಠ್ಯದಲ್ಲಿ ಇಲ್ಲದ ಪ್ರಶ್ನೆ ಬಂದು ಗಲಾಟೆಯಾಗಿ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಟ್ಟರು, ನೀಟ್ ಕಥೆಯಂತೂ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಮಗಳಿಗೆ ಇಂಜಿನಿಯರಿಂಗಿನಲ್ಲಿ 70 ಸಾವಿರದ ಆಚೆ ರ‍್ಯಾಂಕ್ ಬಂತು. ನೀಟ್‌ನಲ್ಲಿ 720ಕ್ಕೆ 238. 'ಕ್ವಾಲಿಫೈಡ್' ಅಂತ ಬಂದಿತ್ತು. ಮನೆಯವರು ಖುಷಿಯಿಂದ ಪೇಢಾ ತಂದರು. ಆಮೇಲೆ ಗೊತ್ತಾಯಿತು, ಆ ವರ್ಷ ದೇಶದಲ್ಲಿ ಕ್ವಾಲಿಫೈ ಆದವರು 13 ಲಕ್ಷ ಮಂದಿ, ಎಂಬಿಬಿಎಸ್ ಸೀಟು ಇರುವುದು ಲಕ್ಷ ಚಿಲ್ಲರೆ. ಕ್ವಾಲಿಫೈ ಅಂದರೆ ಸೀಟಲ್ಲ, ಸಾಲಿನಲ್ಲಿ ನಿಲ್ಲಲು ಅನುಮತಿ ಅಷ್ಟೇ.

ಆದರೆ ಕಾಲೇಜಿನವರು ಅದನ್ನೂ ಬಿಡಲಿಲ್ಲ. ಆ ಜೂನಿನ ಜಾಹೀರಾತಿನಲ್ಲಿ 'ನಮ್ಮ ಇಷ್ಟು ನೂರು ವಿದ್ಯಾರ್ಥಿಗಳು ನೀಟ್‌ನಲ್ಲಿ ಅರ್ಹತೆ' ಅಂತ ದೊಡ್ಡದಾಗಿ ಹಾಕಿದ್ದರು. ನನ್ನ ಮಗಳೂ ಆ ಸಂಖ್ಯೆಯೊಳಗೆ ಇದ್ದಾಳೆ. ಫೋಟೊ ಇಲ್ಲ, ಹೆಸರಿಲ್ಲ, ಎಣಿಕೆಗೆ ಮಾತ್ರ ಬೇಕಾದಳು. ಅದನ್ನು ನೋಡಿ ಇನ್ಯಾವ ತಾಯಿ ತನ್ನ ಸರ ಅಡ ಇಟ್ಟಳೋ.

ಸರ ಅಂದೆ. ನನ್ನ ಎರಡೆಳೆ ಸರ ಇನ್ನೂ ಬ್ಯಾಂಕಿನಲ್ಲೇ ಇದೆ. ಖರ್ಚನ್ನೆಲ್ಲಾ ನಾನು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ಮೊದಲ ವರ್ಷ ಫೀಸು, ಹಾಸ್ಟೆಲು, ಮೆಟೀರಿಯಲ್ಲು ಅಂತ 2,98,000. ಎರಡನೇ ವರ್ಷ 3,10,000. ಒಟ್ಟು 6,08,000 ರೂಪಾಯಿ. ಒಂದು ಲೈನಿಂಗ್ ಬ್ಲೌಸಿಗೆ ನಾನು 250 ತಗೊಳ್ಳುತ್ತೇನೆ. ಹಾಗೇ ಒಂದು ದಿನ ಕೂತು ಭಾಗಿಸಿ ನೋಡಿದೆ. 2,432 ಬ್ಲೌಸು. ಲೈನಿಂಗ್ ಬಟ್ಟೆ, ನೂಲು, ಹುಕ್ಸು ಎಲ್ಲಾ ಬಿಟ್ಟು ಹೇಳುತ್ತಿದ್ದೇನೆ.

ಈ ಜಾಹೀರಾತುಗಳನ್ನು ಮಾಡುವ ಬಗೆ ಮಗಳು ನನಗೆ ಹೇಳಿಕೊಟ್ಟಳು. ನಿಮ್ಮ ಓದುಗರಿಗೂ ಗೊತ್ತಿರಲಿ. ಸಿಇಟಿಯಲ್ಲಿ ಒಂದೇ ರ‍್ಯಾಂಕ್ ಇರುವುದಿಲ್ಲ. ಇಂಜಿನಿಯರಿಂಗಿಗೆ ಒಂದು, ಕೃಷಿ ಬಿಎಸ್ಸಿಗೆ ಒಂದು, ಪಶುವೈದ್ಯಕ್ಕೆ ಒಂದು, ಫಾರ್ಮಸಿಗೆ, ನರ್ಸಿಂಗಿಗೆ, ಯೋಗ ನ್ಯಾಚುರೋಪಥಿಗೆ ಬೇರೆ ಬೇರೆ. ಪಿಸಿಎಂಬಿ, ಅಂದರೆ ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ, ಬಯಾಲಜಿ ಓದಿದ ಒಬ್ಬ ಜಾಣ ಹುಡುಗಿಗೆ ಐದಾರು ರ‍್ಯಾಂಕ್ ಬರುತ್ತವೆ. 'ಮೊದಲ ನೂರರೊಳಗೆ ನಮಗೆ 40 ರ‍್ಯಾಂಕ್' ಅಂತ ಹಾಕಿದರೆ ಅದು 40 ಮಕ್ಕಳು ಅಂತ ನಾವು ಓದಿಕೊಳ್ಳುತ್ತೇವೆ. ಎಂಟೇ ಮಕ್ಕಳು ಇರಬಹುದು. ಇನ್ನು ಕೆಲವರು ಲಾಂಗ್ ಟರ್ಮ್‌ನವರು, ಬೇರೆ ಎಲ್ಲೋ ಪಿಯು ಮುಗಿಸಿ ಎರಡನೇ ಸಲವೋ ಮೂರನೇ ಸಲವೋ ನೀಟ್ ಬರೆದವರು. ಅವರನ್ನೂ ಪಿಯು ಮಕ್ಕಳ ಪಕ್ಕದಲ್ಲೇ ಕೂರಿಸಿರುತ್ತಾರೆ. ಒಟ್ಟಿನಲ್ಲಿ ಅಂಶವನ್ನು ಉಬ್ಬಿಸುವುದು, ಛೇದವನ್ನು ಬಚ್ಚಿಡುವುದು.

ಕಾನೂನು ಇಲ್ಲ ಅಂತ ಅಲ್ಲ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2024ರ ನವೆಂಬರಿನಲ್ಲಿ ಕೋಚಿಂಗ್ ಜಾಹೀರಾತುಗಳಿಗೆ ಮಾರ್ಗಸೂಚಿ ಹೊರಡಿಸಿದೆ. ಗೆದ್ದ ವಿದ್ಯಾರ್ಥಿಯ ಫೋಟೊ ಹಾಕಬೇಕಾದರೆ ಫಲಿತಾಂಶ ಬಂದ ಮೇಲೆ ಅವರಿಂದ ಬರಹದಲ್ಲಿ ಒಪ್ಪಿಗೆ ತಗೊಳ್ಳಬೇಕು, ಅವರು ಓದಿದ್ದು ಯಾವ ಕೋರ್ಸು, ಎಷ್ಟು ತಿಂಗಳು ಅಂತ ಜೊತೆಗೇ ಹಾಕಬೇಕು. ಅದೇ ವರ್ಷ ಜನವರಿಯಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯ, 16 ವರ್ಷ ತುಂಬದ ಮಕ್ಕಳನ್ನು ಕೋಚಿಂಗಿಗೆ ಸೇರಿಸಿಕೊಳ್ಳಬಾರದು ಅಂತಲೂ ಹೇಳಿತ್ತು. ಈಗ ನೋಡಿದರೆ ನಮ್ಮ ಊರಿನ ಬಸ್ ಸ್ಟ್ಯಾಂಡ್ ಎದುರು ಆರನೇ ಕ್ಲಾಸಿನಿಂದಲೇ ಫೌಂಡೇಶನ್ ಅಂತ ಫ್ಲೆಕ್ಸ್ ಕಟ್ಟಿದ್ದಾರೆ. ಹತ್ತನೇ ಕ್ಲಾಸಿನ ಮಗು ಡಾಕ್ಟರಾಗುತ್ತೇನೆ ಅಂದರೆ ಅರ್ಥವಾಗುತ್ತದೆ. ಆರನೇ ಕ್ಲಾಸಿನ ಮಗುವಿಗೆ ಇನ್ನೂ ಹಾಲುಹಲ್ಲು ಬೀಳುತ್ತಿರುತ್ತವೆ ಮಾರಾಯ್ರೆ.

ಇನ್ನೊಂದು ಕಡೆಯನ್ನೂ ಹೇಳದೆ ಇದ್ದರೆ ತಪ್ಪಾಗುತ್ತದೆ. ನಮ್ಮ ಬೀದಿಯ ಒಬ್ಬ ಹುಡುಗ ಅದೇ ಕಾಲೇಜಿನಲ್ಲಿ ಓದಿ ಸರ್ಕಾರಿ ಮೆಡಿಕಲ್ ಕಾಲೇಜಿನಲ್ಲಿ ಸೀಟು ತಗೊಂಡ. ಅವರ ತಾಯಿ, "ಅಲ್ಲಿ ಹಾಕಿದ್ದಕ್ಕೇ ಆಯ್ತು ನೋಡ್ರಿ" ಅನ್ನುತ್ತಾರೆ. ಅವರ ಮಟ್ಟಿಗೆ ಅದು ನಿಜವೇ ಇರಬಹುದು. ಬೆಳಿಗ್ಗೆ ಐದಕ್ಕೆ ಎಬ್ಬಿಸಿ ಓದಿಸುವ ಶಿಸ್ತು ಕೆಲವು ಮಕ್ಕಳಿಗೆ ಒಗ್ಗುತ್ತದೆ. ಅವರ ಮಗ ನೀಲಿ ಟ್ಯಾಗಿನವನು ಅನ್ನುವುದನ್ನು ಮಾತ್ರ ಅವರು ಯಾರಿಗೂ ಹೇಳುವುದಿಲ್ಲ. ನಾನೂ ಹಸಿರು ಟ್ಯಾಗು ಅಂತ ಎರಡು ವರ್ಷ ಯಾರಿಗೂ ಹೇಳಿರಲಿಲ್ಲ ಬಿಡಿ. ಹೀಗೆ ಎರಡೂ ಕಡೆಯವರು ಬಾಯಿ ಮುಚ್ಚಿಕೊಂಡಿದ್ದರೆ ಮುಂದಿನ ವರ್ಷದ ಅಪ್ಪ ಅಮ್ಮಂದಿರಿಗೆ ಜಾಹೀರಾತು ಒಂದೇ ಗತಿ.

ಮಗಳು ಈಗ ದಾವಣಗೆರೆಯಲ್ಲಿ ಸರ್ಕಾರಿ ಡಿಗ್ರಿ ಕಾಲೇಜಿನಲ್ಲಿ ಬಿಎಸ್ಸಿ ಓದುತ್ತಿದ್ದಾಳೆ. ಗಣಿತ ಅವಳೇ ಆರಿಸಿಕೊಂಡಿದ್ದು. ಅವಳು ಸೇರಿದ ವರ್ಷವೇ ನಾಲ್ಕು ವರ್ಷದ ಡಿಗ್ರಿ ಹೋಗಿ ಮತ್ತೆ ಮೂರು ವರ್ಷದ್ದು ಬಂತು, ನನಗೆ ಒಂದು ವರ್ಷ ಉಳಿಯಿತು ಅಂತ ಸಮಾಧಾನ. ಶಕ್ತಿ ಯೋಜನೆ ಇರುವುದರಿಂದ ಬಸ್ಸಿಗೆ ದುಡ್ಡಿಲ್ಲ. ಆಧಾರ್ ಕಾರ್ಡ್ ತೋರಿಸಿ ಹೋಗುತ್ತಾಳೆ, ಮಧ್ಯಾಹ್ನ ಮೂರಕ್ಕೆ ಮನೆಗೆ ಬಂದು ಊಟ ಮಾಡಿ ನನ್ನ ಜೊತೆ ಹುಕ್ಸ್ ಹಾಕುತ್ತಾಳೆ. ಅವಳು ತುಂಬಾ ಸುಖವಾಗಿದ್ದಾಳೆ ಅಂತ ಬರೆಯಲಾರೆ. ಈಗಲೂ ಯಾರಾದರೂ ಪಿಯು ಎಲ್ಲಿ ಮಾಡಿದ್ದು ಅಂತ ಕೇಳಿದರೆ ಮಾತು ಬದಲಿಸುತ್ತಾಳೆ. ಈ ಕಾಗದಕ್ಕೂ ಹೆಸರು ಹಾಕಬೇಡ ಅಂದಿದ್ದಾಳೆ.

ಈಗ ಮಗನ ಸರದಿ. ಎಸ್ಸೆಸ್ಸೆಲ್ಸಿಯಲ್ಲಿ 412. ಚಿಕ್ಕಂದಿನಿಂದ ಶಾಪಿನಲ್ಲೇ ಅಪ್ಪನ ಜೊತೆ ಬೆಳೆದವನು, ಕೈಯಲ್ಲಿ ಅಳತೆಯ ವರ್ನಿಯರ್ ಕೊಟ್ಟರೆ ಆಟದ ಸಾಮಾನು ಕೊಟ್ಟ ಹಾಗೆ. ನಮ್ಮ ಮಾವನವರು ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಲೇತ್ ನಡೆಸುವ ಟರ್ನರ್ ಆಗಿದ್ದವರು. ಹರಿಹರದಲ್ಲಿ ಲೇತ್ ತಯಾರಾಗುತ್ತಿದ್ದ ಕಾಲದಲ್ಲಿ ಇಲ್ಲಿನ ಟರ್ನರ್ ಅಂದರೆ ಹೆಣ್ಣು ಕೊಡುವವರು ಸಾಲಾಗಿ ನಿಲ್ಲುತ್ತಿದ್ದರಂತೆ. ಆ ಕಾರ್ಖಾನೆ ಹೋಯಿತು, ಆ ಗೌರವವೂ ಹೋಯಿತು. ಈಗ ಮಗ ಡಿಪ್ಲೊಮಾ ಮಾಡುತ್ತೇನೆ ಅಂದರೆ ನಾದಿನಿ, "ಅಯ್ಯೋ, ಅಷ್ಟು ಕಮ್ಮಿ ಬಂತಾ?" ಅಂತಾಳೆ. ಡಿಪ್ಲೊಮಾ ಅಂದರೆ ಏನೂ ಸಿಗದವರು ಹೋಗುವ ಜಾಗ ಅಂತ ತಲೆಯಲ್ಲಿ ಕೂತುಬಿಟ್ಟಿದೆ. ಮೂರು ವರ್ಷ ಮುಗಿಸಿ ಡಿಸಿಇಟಿ, ಅಂದರೆ ಡಿಪ್ಲೊಮಾದವರ ಸಿಇಟಿ ಬರೆದರೆ ನೇರವಾಗಿ ಬಿಇ ಎರಡನೇ ವರ್ಷಕ್ಕೆ ಸೇರಬಹುದು ಅಂತ ಅವಳಿಗೆ ಹೇಳಿದೆ. "ಹೌದಾ?" ಅಂದಳು. ಜಾಹೀರಾತಿನಲ್ಲಿ ಬರದಿದ್ದರೆ ಯಾರಿಗೆ ಗೊತ್ತಾಗಬೇಕು ಹೇಳಿ.

ಈ ಸಲ ನಾವು ಅವಸರ ಮಾಡಲಿಲ್ಲ. ನಾನು ಮತ್ತು ಮಗ ಎರಡು ಪಾಲಿಟೆಕ್ನಿಕ್‌ಗೆ ಹೋಗಿ ಒಂದೇ ಪ್ರಶ್ನೆ ಕೇಳಿದೆವು. ಮೂರು ವರ್ಷದ ಹಿಂದೆ ಈ ಬ್ರ್ಯಾಂಚಿಗೆ ಎಷ್ಟು ಮಂದಿ ಸೇರಿದ್ದರು, ಈಗ ಎಷ್ಟು ಮಂದಿ ಮುಗಿಸಿದರು, ಅವರೆಲ್ಲಾ ಎಲ್ಲಿದ್ದಾರೆ? ಒಂದು ಕಡೆ, "ಮೊದಲು ಫಾರಂ ತಗೊಳ್ಳಿ ಮೇಡಂ, ಆಮೇಲೆ ಮಾತಾಡೋಣ" ಅಂದರು. ಇನ್ನೊಂದು ಕಡೆ ವಯಸ್ಸಾದ ಒಬ್ಬ ಮೇಷ್ಟ್ರು ಕನ್ನಡಕ ಏರಿಸಿಕೊಂಡು ನನ್ನನ್ನು ಸ್ವಲ್ಪ ಹೊತ್ತು ನೋಡಿ, ಬೀರುವಿನಿಂದ ರಿಜಿಸ್ಟರ್ ತೆಗೆದರು. "58 ಸೇರಿದ್ರು. ಮುಗಿಸಿದ್ದು 37. ಮೊದಲನೇ ವರ್ಷದ ಗಣಿತದಲ್ಲೇ ಜಾಸ್ತಿ ಉದುರೋದು. ನಿಮ್ ಹುಡುಗನಿಗೆ ಗಣಿತ ಹೇಗೆ?" ಅಂದರು. ಮಗ ನೆಲ ನೋಡಿದ. ಆ ಲೆಕ್ಕ ಚೆನ್ನಾಗಿಲ್ಲ, ನನಗೂ ಗೊತ್ತು. ಆದರೆ ಮಗ ಎಲ್ಲಿ ಎಡವಬಹುದು ಅಂತ ಸೇರುವ ಮೊದಲೇ ನನಗೆ ಹೇಳಿದ ಮೊದಲ ಮನುಷ್ಯ ಅವರು. ಈಗ ಅಕ್ಕ ದಿನಾ ಸಂಜೆ ಅವನಿಗೆ ಗಣಿತ ಹೇಳಿಕೊಡುತ್ತಿದ್ದಾಳೆ. ದಿನಾ ಜಗಳ.

ಜಿಟಿಟಿಸಿಗೂ, ಅಂದರೆ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರಕ್ಕೂ ಅರ್ಜಿ ಹಾಕಿದ್ದೇವೆ. ಟೂಲ್ ಅಂಡ್ ಡೈ ಮೇಕಿಂಗ್, ಮೂರು ವರ್ಷ ಓದು, ಇನ್ನೊಂದು ವರ್ಷ ಕಾರ್ಖಾನೆಯಲ್ಲಿ ತರಬೇತಿ. ಅಪ್ಪನಿಗೆ ಅದೇ ಆಗಲಿ ಅಂತ ಆಸೆ. ಮಗನಿಗೆ ಕಂಪ್ಯೂಟರ್ ಸೈನ್ಸ್ ಕಡೆ ಒಂದು ಕಣ್ಣಿದೆ, ಯಾಕೆ ಅಂದರೆ ಅವನ ಗೆಳೆಯರೆಲ್ಲಾ ಅದಕ್ಕೇ ಹೋಗುತ್ತಿದ್ದಾರೆ. ಇನ್ನೂ ತೀರ್ಮಾನ ಆಗಿಲ್ಲ. ಅಪ್ಪನ ಆಸೆಯನ್ನು ಮಗನ ಮೇಲೆ ಹೇರಿದರೆ ಅದೂ ಜಾಹೀರಾತು ನೋಡಿ ಸೇರಿಸಿದ ಹಾಗೇ ಅಲ್ವಾ ಅಂತ ನಾನು ಒಂದು ರಾತ್ರಿ ಅಂದೆ. ಮನೆಯವರಿಗೆ ಸಿಟ್ಟು ಬಂತು. ಮಾರನೇ ದಿನ ಶಾಪಿನಲ್ಲಿ ಅವರೇ ಮಗನನ್ನು ಕೂರಿಸಿಕೊಂಡು ಟೀ ಕುಡಿಸಿ ಏನೋ ಮಾತಾಡಿದರಂತೆ. ಏನು ಅಂತ ಇಬ್ಬರೂ ಹೇಳಿಲ್ಲ.

ಈಗ ನಿಮ್ಮ ಹತ್ತಿರ ಕೇಳಬೇಕಾದ್ದು. ಈ ಲೆಕ್ಕ ಸರ್ಕಾರದ ಹತ್ತಿರ ಇದೆ. ಶಾಲಾ ಶಿಕ್ಷಣ ಇಲಾಖೆ ಪ್ರತಿ ಮಗುವಿಗೂ ಒಂದು ಸ್ಯಾಟ್ಸ್ ನಂಬರ್ ಕೊಟ್ಟಿದೆ, ಯಾವ ಕಾಲೇಜಿನಲ್ಲಿ ಎಷ್ಟು ಮಂದಿ ಫಸ್ಟ್ ಪಿಯುಗೆ ಸೇರಿದರು, ಎಷ್ಟು ಮಂದಿ ಸೆಕೆಂಡ್ ಪಿಯು ಬರೆದರು ಅಂತ ಒಂದು ಪಟ್ಟಿ ತೆಗೆಯುವುದು ಅವರಿಗೆ ಕಷ್ಟದ ಕೆಲಸವಲ್ಲ. ಸಿಇಟಿ ನಡೆಸುವ ಪರೀಕ್ಷಾ ಪ್ರಾಧಿಕಾರದವರು ಸೀಟು ಹಂಚುವುದೇ ಆ ರ‍್ಯಾಂಕಿನ ಮೇಲೆ. ಎಸ್ಸೆಸ್ಸೆಲ್ಸಿ ಫಲಿತಾಂಶಕ್ಕೆ ಒಂದು ತಿಂಗಳು ಮೊದಲೇ ಅದನ್ನು ಕಾಲೇಜುವಾರು ಪ್ರಕಟಿಸಲಿ. ನಿಮ್ಮ ಜಿಲ್ಲಾ ವರದಿಗಾರರು ಹೋಗಿ ಕೇಳಲಿ, ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಲಿ. ಟಾಪರ್‌ಗೆ ಸಿಹಿ ತಿನ್ನಿಸುವ ಫೋಟೊ ಹಾಕುತ್ತೀರಲ್ಲ, ಅದರ ಪಕ್ಕದಲ್ಲೇ ಆ ಪಟ್ಟಿಗೂ ಅರ್ಧ ಪುಟ ಕೊಡಿ.

ಜಾಹೀರಾತು ನಿಮಗೂ ಬೇಕು, ಅದಿಲ್ಲದೆ ಇಷ್ಟು ಕಡಿಮೆ ಬೆಲೆಗೆ ಪತ್ರಿಕೆ ಕೊಡಲು ಆಗುವುದಿಲ್ಲ ಅನ್ನುವುದು ಗೊತ್ತು. ಬೇಡ ಅನ್ನುತ್ತಿಲ್ಲ. ಹಾಕುವಾಗ ಒಂದು ಷರತ್ತು ಹಾಕಿ. ಇಷ್ಟು ರ‍್ಯಾಂಕ್ ಅಂತ ಬರೆದವರು, ಇಷ್ಟು ಮಕ್ಕಳಲ್ಲಿ ಅಂತಲೂ ಅಷ್ಟೇ ದಪ್ಪ ಅಕ್ಷರದಲ್ಲಿ ಬರೆಯಬೇಕು. ಅಷ್ಟಕ್ಕೂ ಯಾರು ಒಪ್ಪುತ್ತಾರೆ, ಯಾರು ಒಪ್ಪುವುದಿಲ್ಲ ಅಂತ ನೋಡಿದರೇ ನಮಗೆ ಅರ್ಧ ವಿಷಯ ಗೊತ್ತಾಗುತ್ತದೆ.

ಕಾಗದ ಉದ್ದ ಆಯಿತು. ಕತ್ತರಿಸುವುದಾದರೆ ಬ್ಲೌಸಿನ ಲೆಕ್ಕ ಕತ್ತರಿಸಿ, ಐಡಿ ಕಾರ್ಡಿನದ್ದು ಬಿಡಿ. ಹಾಕಿದರೆ ದಯವಿಟ್ಟು ಅದರ ಎದುರು ಪುಟದಲ್ಲಿ ಆ ಕಾಲೇಜುಗಳ ಜಾಹೀರಾತು ಬರದ ಹಾಗೆ ನೋಡಿಕೊಳ್ಳಿ, ಮಗಳು ನಗುತ್ತಾಳೆ.

ಇಂತಿ,
ನಿಮ್ಮ ಪತ್ರಿಕೆಯ ಓದುಗರಲ್ಲಿ ಒಬ್ಬಳು,
ಹರಿಹರ